ಗಿಟಾರಿನ ನಾದವೂ ಕಾಗದದ ಶಂಕುವೂ

ವಿದ್ಯುತ್ ಗಿಟಾರಿನ ನಾದವು ತಂತಿಯಲ್ಲಿ ಹುಟ್ಟುತ್ತದೆ, ನಿಜ. ಆದರೆ ಅದು ಕೇಳುಗರ ಕಿವಿಯನ್ನು ಮುಟ್ಟಬೇಕಾದರೆ ಸ್ಪೀಕರಿನ ಕಾಗದದ ಶಂಕು ಕಂಪಿಸಲೇಬೇಕು. ಅಯಸ್ಕಾಂತದ ಧ್ರುವಗಳ ನಡುವೆ ಇರಿಸಿದ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ, ಸುರುಳಿಯೂ ಅದಕ್ಕೆ ಅಂಟಿಸಿದ ಶಂಕುವೂ ಹಿಂದುಮುಂದಾಗಿ ಆಡಿ ಗಾಳಿಯನ್ನು ಅಲುಗಿಸುತ್ತವೆ.

ಧ್ವನಿಮುದ್ರಿತ ಸಂಗೀತವನ್ನು ಇದ್ದಂತೆಯೇ ಕೇಳಿಸುವುದು ಮನೆಯ ಸ್ಪೀಕರಿನ ಧರ್ಮ. ಗಿಟಾರ್ ಸ್ಪೀಕರಿನ ಧರ್ಮ ಬೇರೆ. ಅದು ಸೆಕೆಂಡಿಗೆ ಸುಮಾರು 5,000 ಕಂಪನಗಳಿಗೆ ಮೇಲ್ಪಟ್ಟ ಸ್ವರಾಂಶಗಳನ್ನು ಬಹುಮಟ್ಟಿಗೆ ಅಡಗಿಸಿ ಕರ್ಕಶತೆಯನ್ನು ಕಳೆಯುತ್ತದೆ. ಶಂಕುವಿನ ದಪ್ಪ, ಅಂಚಿನ ಬಿಗಿತ, ಅಯಸ್ಕಾಂತದ ಬಲ ಇವು ಬದಲಾದರೆ ನಾದದ ಬಣ್ಣವೂ ಬದಲಾಗುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ವಾಕ್ಸ್ ಮತ್ತು ಮಾರ್ಷಲ್ ಆಂಪ್ಲಿಫೈಯರುಗಳು ಪಡೆದ ಕೀರ್ತಿಯಲ್ಲಿ ಸೆಲೆಶ್ಚನ್ ಕಂಪನಿಯ 12 ಅಂಗುಲದ ಸ್ಪೀಕರುಗಳಿಗೂ ಪಾಲುಂಟು.

ಆದುದರಿಂದ ನಾದ ಹಿಡಿಸದಿದ್ದರೆ ಆಂಪ್ಲಿಫೈಯರನ್ನೇ ಮಾರಬೇಕಾಗಿಲ್ಲ. ಪೆಟ್ಟಿಗೆಯೊಳಗಿನ ಸ್ಪೀಕರನ್ನು ಬದಲಿಸಿ ನೋಡಬಹುದು. ಆದರೆ ಮೊದಲು ಮೂರು ಅಂಕಿಗಳನ್ನು ಗಮನಿಸತಕ್ಕದ್ದು.

ಮೊದಲನೆಯದು ಓಮ್. ಆಂಪ್ಲಿಫೈಯರು 8 ಓಮ್ ಬೇಡಿದರೆ ಪೆಟ್ಟಿಗೆಯ ಒಟ್ಟು ಮೌಲ್ಯ ಅಷ್ಟೇ ಇರಬೇಕು. ತಪ್ಪಿದರೆ ಆಂಪ್ಲಿಫೈಯರೇ ಸುಟ್ಟುಹೋದೀತು. 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಎರಡನೆಯದು ವಾಟ್. ಸ್ಪೀಕರಿನ ತಾಳಿಕೆ ಆಂಪ್ಲಿಫೈಯರಿನ ಶಕ್ತಿಗಿಂತ ಹೆಚ್ಚಿರಲಿ. ಮೂರನೆಯದು ಡೆಸಿಬೆಲ್. 1 ವಾಟಿಗೆ 97 ಡೆಸಿಬೆಲ್ ಕೊಡುವ ಸ್ಪೀಕರನ್ನು ತೆಗೆದು 100 ಡೆಸಿಬೆಲ್ಲಿನದನ್ನು ಹಾಕಿದರೆ, ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಸಿದಷ್ಟೇ ಫಲ!

ಅಂಕಿಗಳು ಅಪಾಯವನ್ನು ತಪ್ಪಿಸುತ್ತವೆ. ಇಂಪು ಯಾವುದೆಂದು ತೀರ್ಮಾನಿಸುವುದು ಮಾತ್ರ ಕಿವಿಯೇ.