ಹೆತ್ತವರ ಮನೋರೋಗ ಮತ್ತು ಮಕ್ಕಳ ಪಾಡು

ಇಲ್ಲದ ದನಿಗಳು ಕೇಳಿಸುವ, ಬುಡವಿಲ್ಲದ ಸಂಶಯಗಳು ಬೇರೂರುವ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಜೀವಮಾನದಲ್ಲಿ ತಗಲುತ್ತದೆಯಾದರೆ, ತಂದೆ ಅಥವಾ ತಾಯಿಗೆ ಅದಿದ್ದ ಮಕ್ಕಳಲ್ಲಿ ಈ ಪ್ರಮಾಣ ಸುಮಾರು ನೂರಕ್ಕೆ ಹತ್ತು. ಕರ್ನಾಟಕದಲ್ಲಿ ಹೆಣ್ಣು ಗಂಡು ನೋಡುವ ಹೊತ್ತಿಗೆ 'ವಂಶದಲ್ಲೇ ಇದೆಯಂತೆ' ಎಂಬ ಪಿಸುಮಾತಿಗೇ ಸಂಬಂಧಗಳು ಮುರಿಯುವುದುಂಟು. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಆ ರೋಗ ಬರುವುದಿಲ್ಲವೆಂಬುದು ಪಿಸುಗುಟ್ಟುವವರ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗೆಂದು ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ಸ್ಕಿಜೋಫ್ರೇನಿಯಾ, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ ಇವುಗಳಲ್ಲೊಂದು ಹೆತ್ತವರಿಗಿದ್ದ ಮಕ್ಕಳ ಕುರಿತ ಹಲವು ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪ್ರೌಢ ವಯಸ್ಸಿಗೆ ಬರುವಷ್ಟರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಇವುಗಳ ಪೈಕಿ ಯಾವುದಾದರೊಂದು ತೀವ್ರ ಕಾಯಿಲೆ ಬರುವ ಸಂಭವ ಕಂಡುಬಂದಿತು.

ಇದರಲ್ಲಿ ರಕ್ತದ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ಬಿಡಿಸಲು ವಿಜ್ಞಾನಿಗಳು ದತ್ತು ಮಕ್ಕಳತ್ತ ತಿರುಗಿದರು. ಅಮೆರಿಕದ ಆರೆಗಾನ್‌ನಲ್ಲಿ ಲೆನರ್ಡ್ ಹೆಸ್ಟನ್ ಅವರು, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಂದ ಹುಟ್ಟಿದ ಕೆಲವೇ ದಿನಗಳಲ್ಲಿ ಬೇರ್ಪಟ್ಟು ಬೆಳೆದ 47 ಜನರನ್ನು ಪರೀಕ್ಷಿಸಿ, ಅವರಲ್ಲಿ 5 ಮಂದಿಗೆ ಆ ರೋಗ ಬಂದಿದೆಯೆಂದೂ, ಹೋಲಿಕೆಗೆ ಆರಿಸಿದ 50 ಜನರಲ್ಲಿ ಒಬ್ಬರಿಗೂ ಇಲ್ಲವೆಂದೂ 1966ರಲ್ಲಿ ವರದಿ ಮಾಡಿದಾಗ ಆನುವಂಶಿಕತೆಯ ವಾದ ಬಲಗೊಂಡಿತು. ಆದರೆ ಫಿನ್ಲೆಂಡಿನ ಪೆಕ್ಕಾ ಟಿಯೆನಾರಿ ದತ್ತು ಪಡೆದ ಮನೆಗಳನ್ನೂ ಪರಿಶೀಲಿಸಿ ಇನ್ನೊಂದು ಮಾತು ಸೇರಿಸಿದರು: ಅಂಥ ತಾಯಂದಿರ ಮಕ್ಕಳಲ್ಲಿ, ಜಗಳ, ಹೀಯಾಳಿಕೆ, ಗೊಂದಲದ ಮಾತು ತುಂಬಿದ ಮನೆ ಸೇರಿದವರಿಗೆ ಈ ಬಗೆಯ ಕಾಯಿಲೆಗಳು ಹೆಚ್ಚಾಗಿ ಬಂದವು, ನೆಮ್ಮದಿಯ ಮನೆ ಸೇರಿದವರಿಗೆ ಬಹಳ ಕಡಿಮೆ.

ಹೆತ್ತವರ ಜೊತೆಯಲ್ಲೇ ಬೆಳೆಯುವ ಮಗುವಿನ ಕಷ್ಟ ಬೇರೆ ಬಗೆಯದು. ಅಮ್ಮ ಮಾತ್ರೆ ನುಂಗಿದಳೋ, ಕಿಟಕಿಯಾಚೆ ಉಗುಳಿದಳೋ ಎಂದು ಶಾಲೆಗೆ ಹೊರಡುವ ಮುನ್ನ ನೋಡಿಕೊಳ್ಳುವ, ಗೆಳೆಯರನ್ನು ಮನೆಗೆ ಕರೆಯದ, ತನ್ನ ತುಂಟತನದಿಂದಲೇ ಅಮ್ಮನಿಗೆ ಹೀಗಾಯಿತೆಂದು ನಂಬುವ ಮಗುವಿಗೆ ದೊಡ್ಡವರು ಏನನ್ನೂ ಹೇಳದಿರುವುದು ಕರುಣೆಯೆನಿಸಿದರೂ ಪರಿಣಾಮದಲ್ಲಿ ಕ್ರೌರ್ಯವೇ ಸರಿ. ಇದೊಂದು ಕಾಯಿಲೆ, ಯಾರ ತಪ್ಪೂ ಅಲ್ಲ, ಚಿಕಿತ್ಸೆ ನಡೆಯುತ್ತಿದೆ ಎಂದು ವಯಸ್ಸಿಗೆ ತಕ್ಕಂತೆ ತಿಳಿಹೇಳುವುದು, ಅಮ್ಮನ ಕಾಯಿಲೆ ಉಲ್ಬಣಿಸಿದಾಗ ಅಜ್ಜಿಯ ಮನೆಗೋ ಚಿಕ್ಕಮ್ಮನ ಬಳಿಗೋ ಹೋಗುವ ಏರ್ಪಾಡನ್ನು ಮೊದಲೇ ಮಾಡಿಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಹೆತ್ತವರ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವುದು ದುಬಾರಿ ಕೆಲಸಗಳಲ್ಲ.

ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಜೊತೆಗಿರುವ ವಿಭಾಗವೇ ಇದೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಮಾತ್ರ ಈ ಆಸರೆಯ ಹೊರಗೇ ಉಳಿಯುತ್ತಾರೆ. ರೋಗಿಗಳ ಮಕ್ಕಳ ಅಗತ್ಯಗಳನ್ನು ವಿಚಾರಿಸುವುದನ್ನು ನಾರ್ವೆ 2010ರಿಂದ ಆರೋಗ್ಯ ಸಿಬ್ಬಂದಿಯ ಕಾನೂನುಬದ್ಧ ಹೊಣೆಯಾಗಿಸಿದೆ. ಮನೆಯಲ್ಲಿ ಮಕ್ಕಳೆಷ್ಟು, ಅವರಿಗೆ ಊಟ ಹಾಕುವವರು ಯಾರು, ಅವರಿಗೆ ಏನು ಹೇಳಲಾಗಿದೆ ಎಂಬ ಮೂರು ಪ್ರಶ್ನೆಗಳನ್ನು ಹೊರರೋಗಿ ವಿಭಾಗದಲ್ಲಿ ಕೇಳಲು ಹೊಸ ಕಾನೂನೇನೂ ಬೇಕಿಲ್ಲ.