ಯಾರೂ ಹೇಳದಿದ್ದರೂ ಮಾಡುವ ಕೆಲಸ

"ಫಸ್ಟ್ ಕ್ಲಾಸ್ ಬಂದ್ರ ಮೊಬೈಲ್ ಕೊಡಸ್ತೀನಿ. ಫೇಲಾದ್ರ ನಾಳಿಂದನ ಹೊಲಕ್ಕ ನಡಿ."

ಪರೀಕ್ಷೆ ಹತ್ತಿರ ಬಂದಂತೆ ನವಲಗುಂದ, ಅಣ್ಣಿಗೇರಿ ಕಡೆಯ ಎಷ್ಟೋ ಮನೆಗಳಲ್ಲಿ ಹತ್ತನೆಯ ತರಗತಿಯ ಮಕ್ಕಳು ಈ ಎರಡು ಮಾತುಗಳ ನಡುವೆ ಕೂತು ಓದುತ್ತಾರೆ. ಒಂದು ಆಸೆ, ಇನ್ನೊಂದು ಹೆದರಿಕೆ. ಎರಡೂ ಹೊರಗಿನಿಂದ ಬಂದವು. ಇದು ಬಾಹ್ಯ ಪ್ರೇರಣೆ. ಕೆಲಸದಲ್ಲೇ ಸಿಗುವ ಖುಷಿಗೆ, ತಿಳಿಯಬೇಕೆಂಬ ಹಂಬಲಕ್ಕೆ ಮಾಡಿದರೆ ಅದು ಆಂತರಿಕ ಪ್ರೇರಣೆ. ಹದಿಹರೆಯದವರಿಗೆ ಈ ವ್ಯತ್ಯಾಸ ತಿಳಿಸಲು ದೂರ ಹೋಗಬೇಕಿಲ್ಲ, ಕುಂದಗೋಳದ ಕತೆ ಹೇಳಿದರೆ ಸಾಕು.

ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಸಣ್ಣವನಿದ್ದಾಗ ಮೆರವಣಿಗೆಯ ವಾದ್ಯದ ಬೆನ್ನು ಹತ್ತಿ ಹೋಗಿ, ದಣಿದಲ್ಲೇ ಮಲಗಿಬಿಡುತ್ತಿದ್ದ. ಹುಡುಕಿ ಸಾಕಾದ ತಂದೆ ಗುರುರಾಜ ಜೋಶಿ ಶಾಲೆಯ ಮಾಸ್ತರರು. ಅವರು ಹುಡುಗನ ಅಂಗಿಯ ಮೇಲೆ "ಜೋಶಿ ಮಾಸ್ತರರ ಮಗ" ಎಂದು ಬರೆದರು. ಕಂಡವರು ಮನೆಗೆ ತಂದು ಬಿಡಲಿ ಎಂದು. ಮುಂದೆ ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ತಟ್ಟೆ ಕೇಳಿದ ಹುಡುಗನಿಗೆ ಹಾಗೆಯೇ ಹಾಡಬೇಕೆಂಬ ಹುಚ್ಚು ಹಿಡಿಯಿತು. 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಗ್ವಾಲಿಯರ್, ಜಾಲಂಧರ್ ಎಂದು ಅಲೆದ. ತಂದೆಯೇ ಪತ್ತೆ ಹಚ್ಚಿ ಕರೆತಂದರು. ಈ ಭಾಗವನ್ನು ಮಕ್ಕಳಿಗೆ ಹೇಳುವಾಗ ಆ ತಂದೆಯ ಸಂಕಟವನ್ನೂ ಹೇಳಬೇಕು. ಮನೆ ಬಿಟ್ಟು ಓಡುವುದು ಯಾರಿಗೂ ಮಾದರಿಯಲ್ಲ.

ಊರೂರು ಅಲೆದು ಹುಡುಕಿದ ಗುರು ಕೊನೆಗೆ ಸಿಕ್ಕಿದ್ದು ಮನೆಯಿಂದ ಹೆಚ್ಚು ದೂರವಿಲ್ಲದ ಕುಂದಗೋಳದಲ್ಲಿ. ಅವರೇ ಸವಾಯಿ ಗಂಧರ್ವ, ಅದೇ ಕರೀಂ ಖಾನರ ಶಿಷ್ಯರು. 1936ರಿಂದ ಭೀಮಸೇನ ಅವರ ಮನೆಯಲ್ಲಿದ್ದು ಕಲಿತ. ನೀರು ಹೊತ್ತ, ಮನೆಗೆಲಸ ಮಾಡಿದ. ಪಾಠ ಶುರುವಾದ ಮೇಲೂ ತೋಡಿ, ಮುಲ್ತಾನಿ, ಪೂರಿಯಾ ಎಂಬ ಕೆಲವೇ ರಾಗಗಳನ್ನು ತಿರುತಿರುಗಿ ಹಾಡಿದ. ಅದೇ ಗುರುವಿನ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದವರು ಗಂಗೂಬಾಯಿ ಹಾನಗಲ್. ಹಾಡುವ ಹೆಣ್ಣೆಂದು ಜನ ಹೀಯಾಳಿಸುತ್ತಿದ್ದ ಕಾಲ ಅದು. ಗಂಗೂಬಾಯಿಯವರಿಗೆ ಪದ್ಮಭೂಷಣ ಬಂದದ್ದು 1971ರಲ್ಲಿ, ಭೀಮಸೇನರಿಗೆ ಭಾರತರತ್ನ ಘೋಷಣೆಯಾದದ್ದು 2008ರಲ್ಲಿ. ಕುಂದಗೋಳದಲ್ಲಿ ಸಾಧನೆ ಮಾಡುತ್ತಿದ್ದಾಗ ಅವರಿಗೆ ಇಂಥದ್ದನ್ನು ಕೊಡುತ್ತೇವೆಂದು ಯಾರೂ ಆಸೆ ತೋರಿಸಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಒಳಗಿನ ಪ್ರೇರಣೆ ಬೆಳೆಯಲು ಮೂರು ಬೇಕೆನ್ನುತ್ತಾರೆ: ಇದು ನನ್ನ ಆಯ್ಕೆ ಎಂಬ ಭಾವ, ನನಗೆ ಬರುತ್ತಿದೆ ಎಂಬ ಭರವಸೆ, ನನ್ನವರು ಜೊತೆಗಿದ್ದಾರೆ ಎಂಬ ನೆಮ್ಮದಿ. ಮೂರೂ ಕುಂದಗೋಳದಲ್ಲಿದ್ದವು. ಗುರುವನ್ನು ಹುಡುಗನೇ ಆರಿಸಿಕೊಂಡಿದ್ದ. ಕೆಲವೇ ರಾಗಗಳ ಮೇಲೆ ಹಿಡಿತ ದಿನದಿನಕ್ಕೆ ಬಿಗಿಯಾಗುತ್ತಿತ್ತು. ಗುರುವಿನ ಮನೆಯಿತ್ತು, ಅಕ್ಕನಂಥ ಗಂಗೂಬಾಯಿ ಇದ್ದರು. ನಮ್ಮ ಶಾಲೆಗಳಲ್ಲಿ ಮೊದಲು ಸಾಯುವುದು ಎರಡನೆಯದು ಎಂದು ನನ್ನ ಅನಿಸಿಕೆ. ಭಿನ್ನರಾಶಿಯೇ ತಿಳಿಯದ ಹುಡುಗ ಬೀಜಗಣಿತದ ತರಗತಿಯಲ್ಲಿ ಕೂತರೆ ಯಾವ ಬಹುಮಾನವೂ ಅವನನ್ನು ಎಬ್ಬಿಸಲಾರದು. ಅವನಿಗೆ ಬೇಕಾದ್ದು ಭಿನ್ನರಾಶಿ, ಅದೂ ನಾಚಿಕೆಯಾಗದಂತೆ.

ಬಹುಮಾನ ಕೆಲವೊಮ್ಮೆ ಇದ್ದ ಆಸಕ್ತಿಯನ್ನೂ ತಿಂದುಹಾಕುತ್ತದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಬಿಡಿಸಿದರೆ ಪ್ರಶಸ್ತಿಪತ್ರ" ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ ಬಿಡುವಿನಲ್ಲಿ ನೋಡಿದರೆ, ಆಸೆ ತೋರಿಸಿದ್ದ ಗುಂಪಿನವರು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಹೇಳದೆ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. ಕಾಲೇಜು ವಿದ್ಯಾರ್ಥಿಗಳಿಗೆ ಒಗಟು ಬಿಡಿಸಲು ಹಣ ಕೊಟ್ಟು, ಆಮೇಲೆ ನಿಲ್ಲಿಸಿ ನೋಡಿದ ಡೆಸಿಯವರಿಗೂ ಇಂಥದ್ದೇ ಫಲಿತಾಂಶ ಸಿಕ್ಕಿತು. ಆದ್ದರಿಂದ ತಾನಾಗಿ ಕತೆಪುಸ್ತಕ ಓದುವ ಹುಡುಗಿಗೆ ಪುಸ್ತಕಕ್ಕಿಷ್ಟು ಎಂದು ದುಡ್ಡು ಕೊಡಬೇಡಿ. ಓದಿದ್ದನ್ನು ಕೂತು ಕೇಳಿ.

ಹಾಗೆಂದು ಹೊರಗಿನದೆಲ್ಲ ಕೆಟ್ಟದ್ದಲ್ಲ. ಬೇಸರ ತರಿಸುವ ಕೆಲಸಕ್ಕೆ ಚಿಕ್ಕ ಬಹುಮಾನ ಇಟ್ಟರೆ ನಷ್ಟವಿಲ್ಲ. ಸರ್ಕಾರ 2006-07ರಿಂದ ಎಂಟನೆಯ ತರಗತಿಯವರಿಗೆ ಕೊಟ್ಟ ಸೈಕಲ್ಲು, ಮಧ್ಯಾಹ್ನದ ಬಿಸಿಯೂಟ, ಇವನ್ನು ನಾನು ಆಮಿಷ ಎನ್ನಲಾರೆ. ಹಸಿದ ಹೊಟ್ಟೆ, ಬಸ್ಸಿಲ್ಲದ ದಾರಿ ಎಂಥ ಹಂಬಲವನ್ನೂ ಕೊಲ್ಲುತ್ತವೆ. ಹೊರಗಿನ ಕಾರಣ ನಿಧಾನವಾಗಿ ತನ್ನದಾಗುವುದೂ ಉಂಟು. ಕಲಘಟಗಿಯ ಹಳ್ಳಿಯೊಂದರ ಹುಡುಗಿಗೆ ರಸಾಯನಶಾಸ್ತ್ರ ರುಚಿಸದಿರಬಹುದು. ನರ್ಸ್ ಆಗಬೇಕೆಂದು ತಾನೇ ನಿರ್ಧರಿಸಿದ್ದರೆ ಅದನ್ನು ಬೆಳಗಿನ ಜಾವ ಎದ್ದು ಓದುತ್ತಾಳೆ.

"ಹೊಲಕ್ಕ ನಡಿ" ಎಂಬ ಬೆದರಿಕೆ ಮಾತ್ರ ನನಗೆ ಬಹಳ ನೋವು ಕೊಡುತ್ತದೆ. ಎರೆ ಹೊಲದ ಹಸಿ ನೋಡಿ ಯಾವಾಗ ಕಡಲೆ ಬಿತ್ತಬೇಕೆಂದು ಹೇಳುವುದು ದೊಡ್ಡ ವಿದ್ಯೆ. ಅದನ್ನು ಶಿಕ್ಷೆ ಮಾಡಿದರೆ ಮಗ ಓದನ್ನೂ ಪ್ರೀತಿಸುವುದಿಲ್ಲ, ಹೊಲವನ್ನೂ ಪ್ರೀತಿಸುವುದಿಲ್ಲ. ನಡುವೆ ಅಪ್ಪನ ಬಾಳೂ ಅವನ ಕಣ್ಣಲ್ಲಿ ಸಣ್ಣದಾಗುತ್ತದೆ.

ಶಿಕ್ಷಕರು ತರಗತಿಯಲ್ಲಿ ಒಂದು ಕೆಲಸ ಮಾಡಿಸಬಹುದು. ಯಾರೂ ಹೇಳದಿದ್ದರೂ ನಾನು ಮಾಡುವ ಕೆಲಸ ಯಾವುದು, ಯಾರಾದರೂ ಹೇಳಿದರಷ್ಟೇ ಮಾಡುವುದು ಯಾವುದು ಎಂದು ಪ್ರತಿಯೊಬ್ಬರೂ ಹಾಳೆಯಲ್ಲಿ ಬರೆಯಲಿ. ಎರಡನೆಯದರ ಮುಂದೆ, ಇದರಿಂದ ನನಗೇನಾದರೂ ಆಗಬೇಕಿದೆಯೇ ಎಂದು ತಾವೇ ಯೋಚಿಸಿ ಒಂದು ಸಾಲು ಸೇರಿಸಲಿ. ಕಬಡ್ಡಿ, ಡೊಳ್ಳು, ಎತ್ತು, ರೇಡಿಯೊ ರಿಪೇರಿ, ಏನು ಬರೆದರೂ ನಗಬೇಡಿ. ಹಾಳೆಗೆ ಅಂಕವನ್ನೂ ಹಾಕಬೇಡಿ.