ಬ್ರೇಕ್ ಕಿರುಚಿದರೂ ಕೇಳಿ, ಸುಮ್ಮನಿದ್ದರೂ ನೋಡಿ

ಬ್ರೇಕ್ ಕಿರುಚಿದರೆ ಪ್ಯಾಡ್ ಮುಗಿದಿದೆ, ಸದ್ದಿಲ್ಲದಿದ್ದರೆ ಎಲ್ಲ ಸರಿಯಿದೆ. ಕಾರು ಇಟ್ಟುಕೊಂಡ ಬಹಳ ಜನ ಹೀಗೇ ನಂಬಿದ್ದಾರೆ. ಮೊದಲ ಮಾತು ಕೆಲವೊಮ್ಮೆ ನಿಜ. ಎರಡನೆಯದನ್ನು ನಂಬಿ ನಂದಿ ಬೆಟ್ಟ ಇಳಿಯುವುದು ಅಪಾಯ.

ಮಳೆಗಾಲದಲ್ಲಿ ಬೆಂಗಳೂರಿನ ಆರ್.ಟಿ. ನಗರದ ರಸ್ತೆ ಬದಿಯಲ್ಲಿ ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಹೊರಟಾಗ ಕರಕರ ಎನ್ನುವುದು ಸಹಜ. ಡಿಸ್ಕ್ ಎರಕದ ಕಬ್ಬಿಣದ್ದು; ಒಂದೇ ರಾತ್ರಿಯ ತೇವಕ್ಕೆ ಅದರ ಮೇಲೆ ತೆಳುವಾಗಿ ತುಕ್ಕು ಕೂರುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಅದು ಅಳಿಸಿಹೋಗುತ್ತದೆ. ಹೆಬ್ಬಾಳ ತಲುಪುವಷ್ಟರಲ್ಲಿ ಸದ್ದು ನಿಂತರೆ ಗ್ಯಾರೇಜಿಗೆ ಓಡಬೇಕಿಲ್ಲ. ಅಲ್ಲಿನ ಜಾಮ್‌ನಲ್ಲಿ ಇಂಚಿಂಚೇ ಸರಿಯುವಾಗ ಕೇಳುವ ಕೀಚಲು ಬೇರೆ. ಪ್ಯಾಡ್ ಡಿಸ್ಕಿಗೆ ಹಿಡಿದು ಜಾರಿ, ಹಿಡಿದು ಜಾರಿ, ಸೆಕೆಂಡಿಗೆ ಸಾವಿರಾರು ಸಲ ನಡುಗುವ ಸದ್ದು ಅದು. ಧೂಳು ಕೂತಿದ್ದರೆ, ಪ್ಯಾಡ್ ಗಟ್ಟಿ ಜಾತಿಯದಾದರೆ ಹೊಸದೂ ಕಿರುಚಬಹುದು. ಸದ್ದು ನಿಲ್ಲಲೆಂದು ಎಣ್ಣೆ ಸ್ಪ್ರೇ ಮಾಡುವವರಿದ್ದಾರೆ. ದಯವಿಟ್ಟು ಬೇಡ, ಸದ್ದಿನ ಜೊತೆಗೆ ಬ್ರೇಕಿನ ಹಿಡಿತವೂ ಹೋಗುತ್ತದೆ.

ದಿನವಿಡೀ ಬಿಡದೆ ಕೇಳುವ ತೀಕ್ಷ್ಣ ಕೀಚಲನ್ನು ಮಾತ್ರ ಕಡೆಗಣಿಸಬಾರದು. ಅನೇಕ ಪ್ಯಾಡ್‌ಗಳಲ್ಲಿ ಪುಟ್ಟದೊಂದು ಉಕ್ಕಿನ ಪಟ್ಟಿ ಇರುತ್ತದೆ. ಹೊಸದರಲ್ಲಿ ಸುಮಾರು 10 ಮಿ.ಮೀ. ದಪ್ಪವಿದ್ದ ಪ್ಯಾಡ್ 2-3 ಮಿ.ಮೀ.ಗೆ ಸವೆದಾಗ ಆ ಪಟ್ಟಿ ಡಿಸ್ಕಿಗೆ ತಾಗಿ ಕೂಗುತ್ತದೆ. ಆದರೆ ಎಲ್ಲ ಪ್ಯಾಡ್‌ಗೂ ಈ ಪಟ್ಟಿ ಇರುವುದಿಲ್ಲ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಜಾಮಾದರೆ ಹೊರಗಿನ ಪ್ಯಾಡ್ ದಪ್ಪಗೇ ಉಳಿದು ಒಳಗಿನದು ಸದ್ದಿಲ್ಲದೆ ತೀರಿರುತ್ತದೆ. ಚಕ್ರದ ಸಂದಿನಿಂದ ಇಣುಕಿ ‘ಇನ್ನೂ ಇದೆ ಸಾರ್’ ಎಂದರೆ ಒಪ್ಪಬೇಡಿ, ಚಕ್ರ ಬಿಚ್ಚಿಸಿ. ಬ್ರೇಕ್ ಆಯಿಲ್ ಇಳಿದಿದ್ದರೂ ಸುಮ್ಮನೆ ತುಂಬಿಸಬೇಡಿ. ಪ್ಯಾಡ್ ಸವೆದಂತೆ ಅದು ತಾನಾಗಿ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ.

ಯಲಹಂಕ ದಾಟಿ ಏರ್‌ಪೋರ್ಟ್ ರಸ್ತೆಯಲ್ಲಿ ವೇಗವಾಗಿ ಹೋಗುತ್ತ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಗಡಗಡ ನಡುಗಿದರೆ ‘ಡಿಸ್ಕ್ ಬೆಂಡಾಗಿದೆ’ ಎಂಬ ತೀರ್ಪು ತಕ್ಷಣ ಬರುತ್ತದೆ. ಹೆಚ್ಚಿನ ಸಲ ಅದು ಬಾಗಿರುವುದಿಲ್ಲ. ಒಂದೆಡೆ ದಪ್ಪ, ಒಂದೆಡೆ ತೆಳು ಆಗಿರುತ್ತದೆ. ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು ವ್ಯತ್ಯಾಸವೂ ಕಾಲಿಗೆ ತಿಳಿಯಬಲ್ಲದು. ಬಿಸಿಯಾದ ಪ್ಯಾಡಿನ ಪದರ ಒಂದೇ ಕಡೆ ಮೆತ್ತಿಕೊಂಡಿರಬಹುದು, ಚಕ್ರ ಕೂರುವ ಹಬ್ ಮತ್ತು ಡಿಸ್ಕಿನ ನಡುವೆ ತುಕ್ಕು ಕೂತು ಡಿಸ್ಕ್ ಓಲಾಡುತ್ತಿರಬಹುದು. ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ನೋಡದೆ ಹೊಸ ಡಿಸ್ಕ್ ಹಾಕಿಸುವುದು ದುಡ್ಡು ದಂಡ.

ಲೇತಿಗೆ ಕೊಟ್ಟು ಸಮ ಮಾಡಿಸುವುದೂ ಪ್ರತಿ ಸಲ ಪರಿಹಾರವಲ್ಲ. ಡಿಸ್ಕ್ ಎಷ್ಟು ತೆಳುವಾಗಬಹುದು ಎಂಬ ಮಿತಿಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೆತ್ತಿರುತ್ತಾರೆ. ಲೇತಿನಲ್ಲಿ ಹೆರೆದ ಮೇಲೂ ದಪ್ಪ ಅದಕ್ಕಿಂತ ಹೆಚ್ಚು ಉಳಿಯಬೇಕು. ಅಳೆಯುವಾಗ ಸವೆಯದ ಅಂಚಿನ ಮೇಲೆ ವರ್ನಿಯರ್ ಇಟ್ಟರೆ ಲೆಕ್ಕ ತಪ್ಪುತ್ತದೆ. ಪ್ಯಾಡ್ ಉಜ್ಜುವ ಜಾಗದಲ್ಲೇ ಮೈಕ್ರೋಮೀಟರ್ ಹಿಡಿಯಬೇಕು. ಗ್ಯಾರೇಜಿನಲ್ಲಿ ಆ ಅಂಕಿಯನ್ನು ಕೇಳಿ ಬರೆಸಿಕೊಳ್ಳಿ.

ತೆಳು ಡಿಸ್ಕಿನಲ್ಲಿ ಶಾಖ ಹಿಡಿಯುವ ಲೋಹ ಕಡಿಮೆ. ಪೇಟೆಯೊಳಗೆ ಇದು ಗೊತ್ತಾಗದಿರಬಹುದು. 1,478 ಮೀಟರ್ ಎತ್ತರದ ನಂದಿಯಿಂದ ತಿರುವು ತಿರುವಿಗೂ ಬ್ರೇಕ್ ಒತ್ತುತ್ತ ಇಳಿದರೆ ಗೊತ್ತಾಗುತ್ತದೆ. ಆ ಬಿಸಿ ತಟ್ಟುವ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು. ಡಾಟ್ 4 ದರ್ಜೆಯದು ಹೊಸದಾಗಿ ಕನಿಷ್ಠ 230 ಡಿಗ್ರಿವರೆಗೆ ಕುದಿಯದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಜಾರಿನಲ್ಲಿ ಮೊದಲ ಅಥವಾ ಎರಡನೇ ಗೇರಿನಲ್ಲೇ ಬನ್ನಿ. ಬ್ರೇಕ್ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ತಾನಾಗಿ ಆರಲು ಬಿಡಿ. ನೀರು ಮಾತ್ರ ಸುರಿಯಬೇಡಿ. ಕಾದ ಎರಕದ ಕಬ್ಬಿಣ ಬಿರುಕು ಬಿಡಬಹುದು.